ಎದುರುಬದುರಾಗಿ ನಡೆದ ಮಾಗಿ

ನಮ್ಮೂರ ಕೆರೆಯ ಪಕ್ಕದ ಉದ್ಯಾನದ ಬಾಗಿಲಲ್ಲಿ ನನ್ನನ್ನು ಒಂದು ಮಾತೂ ಕೇಳದೆ ನನ್ನ ಚಿತ್ರವನ್ನು ತೂಗುಹಾಕಿದ್ದಾರೆ. ಮೂರಡಿ ಅಗಲ, ನಾಲ್ಕಡಿ ಎತ್ತರದ ಆ ಫಲಕದಲ್ಲಿ ನಾನು ನೆಲದ ಮೇಲಿನ ಹಳದಿ ಬಾಣ ತೋರಿಸುವ ಕಡೆಗೇ ನಡೆಯುತ್ತಿದ್ದೇನೆ. ಕೆಳಗೆ 'ಹಿರಿಯರೇ ಪಾಲಿಸುತ್ತಾರೆ, ನೀವೂ ಪಾಲಿಸಿ' ಎಂದು ಬರೆಸಿದ್ದಾರೆ. ಆ ಬಾಣವನ್ನು ನಾನು ಜೀವಮಾನದಲ್ಲಿ ಒಂದೇ ಒಂದು ಸಲ, ಸುಮಾರು ನೂರೈವತ್ತು ಹೆಜ್ಜೆಗಳ ಮಟ್ಟಿಗೆ ಪಾಲಿಸಿದ್ದೇನೆ. ಆ ನೂರೈವತ್ತು ಹೆಜ್ಜೆಗಳನ್ನೇ ಹಿಡಿದು ಮೊಳೆ ಹೊಡೆದಿದ್ದಾರೆ.

ಫಲಕವನ್ನು ನಾನು ಕಂಡದ್ದು ಕಳೆದ ವಾರ. ನಾಗಮಂಗಲದಿಂದ ಮಗಳು ಬಂದಿದ್ದಳು. ಅವಳ ಮಗುವಿಗೆ ಜೋಕಾಲಿ ಆಡಬೇಕಿತ್ತು. ಆ ಬಾಗಿಲನ್ನು ಮತ್ತೆ ದಾಟುವುದಿಲ್ಲವೆಂದು ಹೋದ ಸಂಕ್ರಾಂತಿಯಿಂದ ಹಿಡಿದುಕೊಂಡು ಬಂದಿದ್ದ ಶಪಥವನ್ನು ಆರು ವರ್ಷದ ಹುಡುಗಿ ಬೆರಳು ಹಿಡಿದೆಳೆದು ಮುರಿದಳು. ಬಾಗಿಲ ಬಳಿ ಬರುತ್ತಿದ್ದಂತೆ ಹಸಿ ಬಣ್ಣದ ವಾಸನೆ ಮೂಗಿಗೆ ಅಡರಿತು. ಬಾಣಗಳಿಗೆ ಹೊಸದಾಗಿ ಹಳದಿ ಬಳಿಯುತ್ತಿದ್ದರು. ಮಗು ಫಲಕವನ್ನು ನೋಡಿ, "ತಾತ, ಇದು ನೀನು! ನಿನ್ನ ಭುಜದ ಮೇಲೆ ಇರೋ ಕೈ ಯಾರದು?" ಎಂದು ಕೇಳಿತು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಹೋದ ಮಾಗಿಯನ್ನು ಮೊದಲಿನಿಂದ ಹೇಳಬೇಕು. ಮಗು ಜೋಕಾಲಿಯತ್ತ ಓಡಿತು. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ನಾನು ಭೂಮಾಪನ ಇಲಾಖೆಯಲ್ಲಿ ಇದ್ದವನು. ಶ್ರೀರಂಗಪಟ್ಟಣದ ಗದ್ದೆಗಳನ್ನೂ ಕಿಕ್ಕೇರಿಯ ಹೊಲಗಳನ್ನೂ ಸರಪಳಿ ಎಳೆದು ಅಳೆದು, ಅಣ್ಣತಮ್ಮಂದಿರ ನಡುವೆ ಕಲ್ಲು ನೆಟ್ಟು, ಎರಡೂ ಕಡೆಯಿಂದ ಬೈಸಿಕೊಂಡು ನಿವೃತ್ತನಾಗಿ ಪಾಂಡವಪುರದಲ್ಲಿ ನೆಲೆಸಿದ್ದೇನೆ. ಹಾಗೆ ಬೈದವರಲ್ಲಿ ಒಬ್ಬ ಚಿಕ್ಕೇಗೌಡ. ಪ್ರಾಥಮಿಕ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವನು. ಅವನ ಮನೆಯ ಪಾಲುಪಟ್ಟಿಯಲ್ಲಿ ನಾನು ಅಳೆದ ಅಳತೆಯಿಂದ ಅವನಿಗೆ ಎರಡು ಗುಂಟೆ ಕಡಿಮೆಯಾಯಿತು. ಮೂರು ತಿಂಗಳು ಮಾತು ಬಿಟ್ಟ. ಆಮೇಲೆ ತಾನೇ ಒಂದು ಮಂಕರಿ ಅವರೆಕಾಯಿ ಹೊತ್ತು ತಂದು, "ನೀ ಕಳ್ದು ಉಳ್ಸಿದ್ ನೆಲ್ದಲ್ಲಿ ಬೆಳ್ದಿದ್ದು, ತಿನ್ನು" ಎಂದು ಜಗಲಿಯ ಮೇಲೆ ಸುರಿದು ಹೋದ. ಅಂದಿನಿಂದ ಆ ಬಾಣದವರೆಗೆ ನಾವು ಬೇರೆಯಾದದ್ದಿಲ್ಲ. ಎರಡು ಹಸು ಕಟ್ಟಿಕೊಂಡು, ಬೆಳಗಿನ ಹಾಲು ಡೇರಿಗೆ ಹಾಕಿ ಅವನು ಬರುತ್ತಿದ್ದ. ದೇವಸ್ಥಾನ ಮುಗಿಸಿಕೊಂಡು ನಾನು ಹೋಗುತ್ತಿದ್ದೆ. ಇಬ್ಬರೂ ಜೊತೆಯಲ್ಲಿ ನಡೆಯುತ್ತಿದ್ದೆವು.

ಉದ್ಯಾನ ಚೆನ್ನಾಗಿಲ್ಲವೆಂದು ನಾನು ಹೇಳುವುದಿಲ್ಲ. ಒಂದು ಕಡೆ ಕೆರೆ. ನೀರಿನಲ್ಲಿ ಕುಂತಿಬೆಟ್ಟದ ಬಂಡೆಗಳು ತಲೆಕೆಳಗಾಗಿ ಕಾಣುತ್ತವೆ. ಮಕ್ಕಳಿಗೆ ಜಾರುಬಂಡೆ, ಜೋಕಾಲಿ, ಹೆಂಗಸರು ಕೂತು ಬುತ್ತಿ ಬಿಚ್ಚಲು ನೆರಳಿನ ಮಂಟಪ, ಕುಡಿಯುವ ನೀರಿನ ನಲ್ಲಿ, ಶೌಚಾಲಯ, ಮತ್ತು ಯಾವ ಕಾರಣಕ್ಕೆಂದು ಇಂದಿಗೂ ತಿಳಿಯದ ಒಂದು ಸಿಮೆಂಟಿನ ಜಿರಾಫೆ. ಇವೆಲ್ಲವನ್ನೂ ಬಳಸಿಕೊಂಡು ಇಟ್ಟಿಗೆ ಹಾಸಿದ ಕಾಲುದಾರಿ. ಸುತ್ತಳತೆ ನನ್ನ ಹೆಜ್ಜೆಯಲ್ಲಿ ಆರುನೂರ ನಲವತ್ತು. ಸಮಿತಿಯ ಫಲಕದಲ್ಲಿ ಬೇರೆ ಲೆಕ್ಕವಿದೆ, ಅದು ತಪ್ಪು.

ಈ ದಾರಿ ಸುತ್ತುವರಿದ ಜಾಗದ ನಟ್ಟನಡುವೆ, ಉದ್ಯಾನಕ್ಕಿಂತ ನೂರಾರು ವರ್ಷ ಹಿರಿಯದಾದ ಅರಳಿಕಟ್ಟೆಯಿದೆ. ಕಟ್ಟೆಯ ಮೇಲೆ ಏಳು ನಾಗರಕಲ್ಲುಗಳಿವೆ. ನಡುವೆ ದೇವರಿದ್ದ ಮೇಲೆ ಸುತ್ತು ಬರುವವರು ದೇವರನ್ನು ಬಲಕ್ಕಿಟ್ಟುಕೊಂಡು ಬರಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ಸೀಮೆಯಲ್ಲಿ ಕರುವಿಗೂ ಗೊತ್ತು. ಎಡಕ್ಕಿಟ್ಟುಕೊಂಡು ಸುತ್ತುವುದು ಯಾವಾಗ, ಯಾರ ಸುತ್ತ, ಹೆಗಲ ಮೇಲೆ ಮಡಕೆ ಹೊತ್ತು ಎಂಬುದೂ ಎಲ್ಲರಿಗೂ ಗೊತ್ತು. ಹೀಗಿರುವಾಗ ಹೋದ ವರ್ಷದ ಕಾರ್ತಿಕದಲ್ಲಿ, ಉದ್ಯಾನ ಸಮಿತಿಯ ಕಾರ್ಯದರ್ಶಿಯವರು, ಎಲ್ಲರೂ ಕಟ್ಟೆಯನ್ನು ಎಡಕ್ಕಿಟ್ಟುಕೊಂಡೇ ನಡೆಯತಕ್ಕದ್ದೆಂದು ಬಾಣ ಬರೆಸಲು ಹೊರಟರು. ಅವರು ನಿವೃತ್ತ ದೈಹಿಕ ಶಿಕ್ಷಕರು. ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನೂ ಕತ್ತರಿಸಿ ಚೌಕಟ್ಟು ಹಾಕಿಸಿಕೊಳ್ಳುವ ಆಸಾಮಿ.

"ಲೋಕದಲ್ಲೆಲ್ಲ ಓಟದ ಮೈದಾನದಲ್ಲಿ ಎಡಕ್ಕೇ ತಿರುಗೋದು ಸಾರ್," ಎಂದರು ನನಗೆ.

"ಲೋಕದ ಯಾವ ಓಟದ ಮೈದಾನದ ನಡುವೆ ನಾಗರಕಲ್ಲು ಇದೆ?" ಎಂದು ಕೇಳಿದೆ.

ಅದಕ್ಕೆ ಅವರು ಸಭೆ ಕರೆದರು. ಸಭೆಯಲ್ಲಿ ನನ್ನನ್ನು ಎರಡನೆಯ ಸಾಲಿನಲ್ಲಿ, ಕಂಬದ ಹಿಂದೆ ಕೂರಿಸಿದರು. ಅದನ್ನು ಗಮನಿಸಿದೆ. ಕಾಫಿ ನನ್ನ ಸಾಲಿಗೆ ಬರುವಷ್ಟರಲ್ಲಿ ಮುಗಿದಿತ್ತು. ಅದನ್ನೂ ಗಮನಿಸಿದೆ. ಆದರೂ ನನಗೆ ಧೈರ್ಯವಿತ್ತು. ಬೆಳಗಿನ ನಡಿಗೆಯವರಲ್ಲಿ ಅರ್ಧದಷ್ಟು ಮಂದಿ ಚಿಕ್ಕೇಗೌಡನ ನೆಂಟರು. ಗೌಡ ಕೈ ಎತ್ತಿದ ಕಡೆಗೆ ಎತ್ತುವವರು. ಹಿಂದಿನ ದಿನ ಅದೇ ಅರಳಿಕಟ್ಟೆಯ ಮೇಲೆ ಕೂತು ಅವನು, "ಬಾಣ ಬರ್ದವ್ರ ಕೈಗೆ ನಾನೇ ಬರೆ ಆಕ್ತೀನಿ, ಬುಡು" ಎಂದು ಹೇಳಿದ್ದ.

ಸಭೆ ಆರಂಭವಾದೊಡನೆ ಕಾರ್ಯದರ್ಶಿಯವರು ಮೊದಲು ಒಂದು ಸನ್ಮಾನವಿದೆ ಎಂದರು. ಹಾಲಿನ ಡೇರಿಗೆ ಒಂದು ದಿನವೂ ತಪ್ಪಿಸದೆ ಹಾಲು ಹಾಕಿದ ಹಿರಿಯರು ಎಂದು ಹೇಳಿ ಚಿಕ್ಕೇಗೌಡನನ್ನು ವೇದಿಕೆಗೆ ಕರೆದರು. ಉದ್ಯಾನಕ್ಕೂ ಡೇರಿಗೂ ಏನು ಸಂಬಂಧವೆಂದು ನಾನು ಯೋಚಿಸುತ್ತಿರುವಾಗಲೇ ಅವನ ಹೆಗಲಿಗೆ ಕೆಂಪು ಶಾಲು ಬಿತ್ತು, ತಲೆಗೆ ಮೈಸೂರು ಪೇಟ ಕೂತಿತು, ಕೈಗೆ ಹಣ್ಣಿನ ಬುಟ್ಟಿ ಬಂತು. ಗೌಡ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಜಾರುವ ಪೇಟ ಹಿಡಿದು ಮದುವಣಿಗನಂತೆ ಕೂತ. ಚಪ್ಪಾಳೆ ನಿಲ್ಲುವ ಮೊದಲೇ ಕಾರ್ಯದರ್ಶಿಯವರು, "ಬಾಣದ ವಿಷಯ. ಒಪ್ಪಿಗೆ ಇದ್ದವರು ಕೈ ಎತ್ತಿ" ಎಂದರು.

ಚಿಕ್ಕೇಗೌಡ ಪೇಟ ಹಿಡಿದಿದ್ದ ಕೈಯನ್ನು ಬಿಟ್ಟು ಎತ್ತಿದ. ನೆಂಟರೆಲ್ಲ ಎತ್ತಿದರು. ಪೇಟ ಕೆಳಗೆ ಬಿತ್ತು.

ಹೊರಗೆ ಬಂದ ಮೇಲೆ ಹುಣಸೆಮರದ ಕೆಳಗೆ ಅವನನ್ನು ಹಿಡಿದು ನಿಲ್ಲಿಸಿದೆ.

"ಏನಯ್ಯಾ ಗೌಡ, ನಿನ್ನೆ ಆಡಿದ ಮಾತೇನು, ಇವತ್ತು ಎತ್ತಿದ ಕೈಯೇನು?"

"ಶಾಲು ಒದಿಸ್ಬುಟ್ರು ಕಣ್ಲಾ ನಂಜುಂಡ. ಎಗಲ್ ಮ್ಯಾಲಿನ್ನೂ ಅದರ ಬಿಸಿ ಆರಿಲ್ಲ. ಒದಿಸ್ದೋರ್ ಎದ್ರಿಗೇ ಕೂತ್ಕಂಡು ಆಗಲ್ಲ ಅನ್ನಾದೆಂಗ್ಲಾ? ಮನುಸ್ರು ಮಾಡಾ ಕೆಲ್ಸವಾ ಅದು?"

"ಒಂದು ಶಾಲಿಗೆ ನಾಗಪ್ಪನನ್ನೇ ಎಡಕ್ಕೆ ಹಾಕಿದೆ."

"ಬರೀ ಶಾಲಲ್ಲ, ಪೇಟನೂ ಇಟ್ರು," ಎಂದು ತಿದ್ದಿದ. ಆಮೇಲೆ, ನಾನು ಸಾಯುವವರೆಗೆ ಮರೆಯಲಾರದ ಮಾತು ಹೇಳಿದ: "ನಿಂಗೆ ಒದಿಸ್ಲಿಲ್ವಲ್ಲಾ, ಅದಕ್ಕೆ ಒಟ್ಟೆಕಿಚ್ಚು ಕಣ್ಲಾ ನಿಂಗೆ."

ಹೊಟ್ಟೆಕಿಚ್ಚು! ಹದಿನಾಲ್ಕು ಹಳ್ಳಿಗಳಲ್ಲಿ ಜನ ಹೊದಿಸಲು ತಂದ ಶಾಲುಗಳನ್ನು, ಅಳತೆ ಮುಗಿಯುವವರೆಗೆ ಮುಟ್ಟುವುದಿಲ್ಲವೆಂದು ವಾಪಸು ಕಳಿಸಿದವನು ನಾನು. ಅಳತೆ ಮುಗಿದ ಮೇಲೆ ಯಾರೂ ಮತ್ತೆ ತರಲಿಲ್ಲ, ಅದು ಬೇರೆ ವಿಷಯ. ಅಲ್ಲಿಗೆ ನಮ್ಮ ಮಾತು ನಿಂತಿತು.

ಮಾರನೆಯ ದಿನದಿಂದ ನಾನು ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಒಬ್ಬನೇ ನಡೆದೆ. ಊರೆಲ್ಲ ಬಾಣದ ಕಡೆಗೆ ನಡೆಯಿತು. ಕಾವಲುಗಾರ ಮಾದೇಶನಿಗೆ ಸಮಿತಿ ಒಂದು ಸೀಟಿ ಕೊಟ್ಟಿತ್ತು. ನಾನು ಎದುರು ಬಂದಾಗಲೆಲ್ಲ ಊದಬೇಕೆಂದು ಆಜ್ಞೆ. ಮೂರು ದಿನ ಜೋರಾಗಿ ಊದಿದ. ನಾಲ್ಕನೆಯ ದಿನ ಹತ್ತಿರ ಬಂದು, "ಸಾರ್, ಒಂದ್ಸಲ ಸಣ್ಣಕೆ ಊದ್ತೀನಿ. ನೀವು ಕೇಳಿಸ್ಕಂಡಂಗೆ ಒಂದ್ ಗಳಿಗೆ ನಿಂತ್ಕಳಿ, ಆಮ್ಯಾಕೆ ನಿಮ್ ಪಾಡಿಗೆ ಓಗಿ. ನನ್ನ ಡೂಟಿ ಆಯ್ತದೆ, ನಿಮ್ಮ ಮರ್ವಾದಿ ಉಳೀತದೆ" ಎಂದ. ಆ ಸಮಿತಿಯಲ್ಲಿ ನ್ಯಾಯ ತಿಳಿದವನು ಅವನೊಬ್ಬನೇ, ಮತ್ತು ಅವನು ಸಮಿತಿಯಲ್ಲಿ ಇಲ್ಲ.

ಇಲ್ಲಿ ಒಂದು ತೊಡಕು ಹುಟ್ಟಿತು. ಮಾತು ಬಿಟ್ಟ ಇಬ್ಬರು ಒಂದೇ ಕಡೆ ನಡೆದರೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಎದುರುಬದುರು ನಡೆದರೆ ಪ್ರತಿ ಸುತ್ತಿಗೆ ಎರಡು ಸಲ ನೋಡಲೇಬೇಕು. ನಾವಿಬ್ಬರೂ ಆರು ಗಂಟೆಗೆ ಬಾಗಿಲಿಂದ ಹೊರಡುತ್ತಿದ್ದೆವು. ನಾನು ಎಡಗಡೆಯಿಂದ, ಅವನು ಬಲಗಡೆಯಿಂದ. ಅರ್ಧ ಸುತ್ತಿಗೆ ಜಿರಾಫೆಯ ಬುಡದಲ್ಲಿ ಒಂದು ಭೇಟಿ, ಸುತ್ತು ಮುಗಿದಾಗ ಬಾಗಿಲಲ್ಲಿ ಇನ್ನೊಂದು. ದಿನಕ್ಕೆ ಐದು ಸುತ್ತು, ಹತ್ತು ಭೇಟಿ. ಅವನು ಕೆರೆಯ ಕಡೆ ನೋಡುತ್ತಿದ್ದ, ನಾನು ಜಿರಾಫೆಯ ಕಡೆ. ಮಾಗಿಯ ಮಂಜಿನಲ್ಲಿ ಮೊದಲು ಅವನ ಕೆಮ್ಮು, ಆಮೇಲೆ ಮಫ್ಲರು, ಕೊನೆಗೆ ಆ ಮೊಂಡು ಮುಖ ಕಾಣುತ್ತಿತ್ತು.

"ರೀ, ಬೆಳಗೆದ್ದು ನಾಗಪ್ಪನಿಗೆ ಪ್ರದಕ್ಷಿಣೆ ಹಾಕೋಕೆ ಹೋಗ್ತೀರೋ, ಗೌಡರಿಗೆ ಮುಖ ತೋರಿಸೋಕೆ ಹೋಗ್ತೀರೋ?" ಎಂದು ನನ್ನ ಹೆಂಡತಿ ಲಲಿತ ಕೇಳಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಧನುರ್ಮಾಸ ಬಂತು. ನಸುಕಿನ ಪೂಜೆಗೆ ದೇವಸ್ಥಾನದಲ್ಲಿ ಹುಗ್ಗಿ ಹಂಚುತ್ತಾರೆ. ಒಂದು ದಿನ ಖಾರ, ಒಂದು ದಿನ ಸಿಹಿ. ಹಿಂದಿನ ವರ್ಷಗಳಲ್ಲಿ ನಾನು ದೊನ್ನೆ ತುಂಬ ತಂದು, ನಡಿಗೆಗೆ ಮೊದಲು ಕಟ್ಟೆಯ ಮೇಲೆ ಕೂತು ಇಬ್ಬರೂ ತಿನ್ನುತ್ತಿದ್ದೆವು. ಗೌಡನಿಗೆ ಸಕ್ಕರೆ ಕಾಯಿಲೆ. ಖಾರದ ಹುಗ್ಗಿಯ ದಿನ ಮುಕ್ಕಾಲು ದೊನ್ನೆ ಅವನದು. ಸಿಹಿಯ ದಿನ ಎರಡೇ ತುತ್ತು, ಅದೂ ಅವನ ಹೆಂಡತಿ ಸಾಕಮ್ಮನಿಗೆ ಹೇಳುವುದಿಲ್ಲವೆಂದು ನಾನು ಮಾತು ಕೊಟ್ಟ ಮೇಲೆ. ಈ ಸಲ ದೊನ್ನೆಯನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ನಡೆದೆ. ಹುಗ್ಗಿಯ ವಾಸನೆ ಅವನ ಮೂಗಿಗೆ ಹೋಗಲೆಂದು ಜಿರಾಫೆಯ ಹತ್ತಿರ ಚೀಲವನ್ನು ಕೆರೆಯ ಕಡೆಯ ಕೈಗೆ ಬದಲಾಯಿಸುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಬೇರೆಯವರ ತಪ್ಪನ್ನು ಅಳೆಯುವವನು ತನ್ನ ಕಡೆಯ ಕಲ್ಲನ್ನೂ ತೋರಿಸಬೇಕು.

ಆ ದಿನಗಳಲ್ಲಿಯೇ ನನ್ನ ಗಮನಕ್ಕೆ ಒಂದು ಸಂಗತಿ ಬಂತು. ನಾವಿಬ್ಬರೂ ಒಟ್ಟಿಗೆ ಬಾಗಿಲು ಮುಟ್ಟುವುದು ನಿಂತಿತ್ತು. ನಾನು ಸುತ್ತು ಮುಗಿಸಿ, ಬಾಗಿಲು ದಾಟಿ, ಎರಡನೆಯ ಸುತ್ತಿಗೆ ಇಪ್ಪತ್ತು ಹೆಜ್ಜೆ ಇಟ್ಟ ಮೇಲೆ ಅವನು ಸಿಗುತ್ತಿದ್ದ. ಎರಡು ದಿನ ಬಿಟ್ಟು ಮೂವತ್ತೈದು ಹೆಜ್ಜೆಗೆ, ನೀರಿನ ನಲ್ಲಿಯ ಬಳಿ. ಇನ್ನೊಂದು ವಾರಕ್ಕೆ ಎಪ್ಪತ್ತು ಹೆಜ್ಜೆಗೆ, ಬಿದಿರು ಮೆಳೆಯ ಹತ್ತಿರ. ನನ್ನ ನಡಿಗೆ ಬದಲಾಗಿರಲಿಲ್ಲ. ಅದನ್ನು ಗಡಿಯಾರ ಹಿಡಿದು ನೋಡಿದ್ದೆ. ಅಂದರೆ ಗೌಡ ನಿಧಾನವಾಗುತ್ತಿದ್ದ. ಬಾಣದ ಕಡೆ ನಡೆಯುವ ಅವನ ನೆಂಟರಿಗೆ ಇದು ತಿಳಿಯುವಂತಿರಲಿಲ್ಲ. ಅವರೆಲ್ಲ ಅವನಿಗೆ ಬೆನ್ನು ಹಾಕಿ ಮುಂದೆ ಹೋಗುತ್ತಿದ್ದರು.

ಕೇಳಬೇಕೆನ್ನಿಸಿತು. ಆದರೆ ಮೊದಲು ಮಾತಾಡಬೇಕಾದವನು ಅವನು. ಹೊಟ್ಟೆಕಿಚ್ಚು ಎಂದವನು ಅವನು. ಮನೆಗೆ ಬಂದು ಲಲಿತಳಿಗೆ, "ಸಾಕಮ್ಮನನ್ನು ಸುಮ್ಮನೆ ಒಂದು ಸಲ ವಿಚಾರಿಸು" ಎಂದೆ.

"ನೀವೇ ದಿನಾ ಹತ್ತು ಸಲ ನೋಡ್ತೀರಲ್ಲ, ವಿಚಾರಿಸಿ," ಎಂದಳು.

ಸಂಕ್ರಾಂತಿಗೆ ಐದು ದಿನವಿತ್ತು. ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಜಿರಾಫೆಗೆ ಕುತ್ತಿಗೆಯೇ ಇರಲಿಲ್ಲ. ಮೊದಲ ಭೇಟಿಯಲ್ಲಿ ಗೌಡ ಕೆರೆಯ ಕಡೆಗೆ ನೋಡಲಿಲ್ಲ, ನೆಲ ನೋಡುತ್ತಿದ್ದ. ನಾನು ಬಾಗಿಲು ದಾಟಿದೆ. ನಲ್ಲಿ ಬಂತು, ಗೌಡ ಇಲ್ಲ. ಬಿದಿರು ಮೆಳೆ ಬಂತು, ಇಲ್ಲ. ನೂರು ಹೆಜ್ಜೆ. ನೂರಿಪ್ಪತ್ತು. ಅವನ ಇಬ್ಬರು ನೆಂಟರು ಎದುರು ಬಂದರು. "ಗೌಡ ಎಲ್ಲಿ?" ಎಂದೆ. "ಇಂದ್ಗಡೆ ಬತ್ತಾವ್ರೆ ಬುಡಿ ಸಾರ್," ಎಂದು ಹಿಂದೆ ತಿರುಗಿಯೂ ನೋಡದೆ ಹೋದರು. ನೂರೈವತ್ತನೆಯ ಹೆಜ್ಜೆಗೆ, ಶೌಚಾಲಯದ ತಿರುವಿನಲ್ಲಿ, ಬಾಣದ ಗುರುತಿನ ಮೇಲೆಯೇ ಗೌಡ ಕಾಲು ಚಾಚಿ ಕೂತಿದ್ದ. ಆ ಚಳಿಯಲ್ಲಿ ಅವನ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಕೈ ನಡುಗುತ್ತಿತ್ತು.

"ಗೌಡ!"

ಅವನು ತಲೆ ಎತ್ತಿ ನೋಡಿದ. "ಮಾತಾಡ್ದೆ ಕಣ್ಲಾ," ಎಂದ. "ನೀನೇ ಮೊದ್ಲು ಮಾತಾಡ್ದೆ. ನಾ ಗೆದ್ದೆ."

"ತಿಂಡಿ ತಿಂದೆಯಾ?"

"ಗುಳಿಗೆ ತಿಂದೆ."

"ಗುಳಿಗೆ ತಿಂಡಿಯಲ್ಲ."

"ಪಾರ್ಕಲ್ಲಿ ನಂಜುಂಡ ಉಗ್ಗಿ ತತ್ತಾನೆ ಅಂತ ಮನೇಲಿ ಯೋಳಿವ್ನಿ," ಎಂದ. "ಮಾತು ಬಿಟ್ಟಿವ್ನಿ ಅಂತ ಯೋಳಾಕಾದದಾ? ಸಾಕಿ ಆಡ್ಕತಾಳೆ."

ಇಡೀ ಧನುರ್ಮಾಸ ಈ ಮನುಷ್ಯ ಗುಳಿಗೆ ನುಂಗಿ, ಖಾಲಿ ಹೊಟ್ಟೆಯಲ್ಲಿ, ನನ್ನ ಚೀಲದ ವಾಸನೆ ಕುಡಿದುಕೊಂಡು ಐದು ಸುತ್ತು ನಡೆದಿದ್ದ. ದೊನ್ನೆ ತೆಗೆದೆ. ಸಕ್ಕರೆ ಕುಸಿದವನಿಗೆ ಸಿಹಿಯೇ ಮದ್ದು; ಪುಣ್ಯಕ್ಕೆ ಅಂದು ಸಿಹಿ ಹುಗ್ಗಿ. ಅವಸರದಲ್ಲಿ ಮೊದಲ ತುತ್ತು ಅವನ ಮೀಸೆಗೆ ಹೋಯಿತು.

"ಬಾಯಿ ಕೆಳಗದೆ ಕಣ್ಲಾ. ಜಮೀನ್ ಅಳ್ದೋನು ನೀನು, ಬಾಯೆಲ್ಲದೆ ಅಂತ ಗೊತ್ತಾಗಾಕಿಲ್ವಾ?"

ಇಡೀ ದೊನ್ನೆ ತಿಂದ. ದ್ರಾಕ್ಷಿ, ಗೋಡಂಬಿ ಎಲ್ಲ. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಕಳೆ ಬಂತು. ಅವನನ್ನು ಎಬ್ಬಿಸಿ, ಅವನ ಕೈಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ. ಈಗ ಬಾಗಿಲಿಗೆ ಎರಡು ದಾರಿ: ನಾಗಪ್ಪನನ್ನು ಬಲಕ್ಕಿಟ್ಟುಕೊಂಡರೆ ನಾನೂರ ತೊಂಬತ್ತು ಹೆಜ್ಜೆ, ಬಾಣದ ಕಡೆಗಾದರೆ ನೂರೈವತ್ತು. ಭೂಮಾಪಕನಾದವನು ಇಲ್ಲಿ ಲೆಕ್ಕ ಹಾಕುತ್ತ ನಿಲ್ಲಬಾರದು. ಮನಸ್ಸಿನಲ್ಲೇ ಕೈಮುಗಿದು, 'ತಂದೆ, ಇದೊಂದು ಸಲ' ಎಂದು ಹೇಳಿ ಬಾಣದ ಕಡೆಗೆ ತಿರುಗಿದೆ.

ಮಾದೇಶ ಓಡಿ ಬಂದು ಗೌಡನ ಇನ್ನೊಂದು ತೋಳು ಹಿಡಿದ. ಬಾಗಿಲಲ್ಲಿ ಕಾರ್ಯದರ್ಶಿಯವರು ಮೊಬೈಲು ಎತ್ತಿ ಹಿಡಿದು, "ಹಾಗೇ ಬನ್ನಿ ಸಾರ್, ಹಾಗೇ ಬನ್ನಿ, ಚೆನ್ನಾಗಿದೆ" ಎನ್ನುತ್ತಿದ್ದರು. ಆಟೋ ಕರೆಯುತ್ತಿದ್ದಾರೆಂದು ನಾನು ತಿಳಿದೆ. ಆಟೋ ಕರೆದವನು ಮಾದೇಶ. ಸಂಜೆಯ ಹೊತ್ತಿಗೆ ನಡಿಗೆಯವರ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಬಂತು: 'ಕೊನೆಗೂ ಬಾಣಕ್ಕೆ ಗೌರವ ಕೊಟ್ಟ ಹಿರಿಯ ಭೂಮಾಪಕರು.' ಒಂದು ಕಡೆ ಮಾದೇಶನನ್ನೂ ಗೌಡನನ್ನೂ ಕತ್ತರಿಸಿದ್ದರು. ಹೆಗಲ ಮೇಲಿನ ಕೈಯನ್ನು ಕತ್ತರಿಸಿದರೆ ನನ್ನ ಕಿವಿಯೂ ಹೋಗುತ್ತಿತ್ತಾದ್ದರಿಂದ ಅದನ್ನು ಉಳಿಸಿದ್ದರು. ನಲವತ್ತಮೂರು ಮಂದಿ ಹೆಬ್ಬೆರಳು ಒತ್ತಿದ್ದರು. ಅವರ ಹೆಸರುಗಳು ನನ್ನಲ್ಲಿವೆ.

ಸಂಜೆ ಗೌಡನ ಮನೆಗೆ ಹೋದೆ. ಅವನು ಮಂಚದ ಮೇಲೆ ಕೂತಿದ್ದ. ಸಾಕಮ್ಮ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಮ್ಮಿಬ್ಬರ ನಡುವೆ ಇಟ್ಟು, "ಬಾಯ್ಗೆ ಕೆಲ್ಸ ಕೊಟ್ರೆ ಜಗಳ ಆಡ್ತೀರಿ, ಕೈಗೆ ಕೊಡ್ತೀನಿ, ಇಸುಕಿ" ಎಂದು ಒಳಗೆ ಹೋದರು. ಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತ ಕೂತೆವು. ಹೊಟ್ಟೆಕಿಚ್ಚಿನ ಮಾತನ್ನು ಅವನು ವಾಪಸು ತೆಗೆದುಕೊಳ್ಳಲಿ ಎಂದು ಕಾದೆ. ತೆಗೆದುಕೊಳ್ಳಲಿಲ್ಲ. ಪಾತ್ರೆ ಅರ್ಧವಾದಾಗ, "ಡಾಕ್ಟ್ರು ನಡೀಲೇಬೇಕು ಅಂದವ್ರೆ. ಸಮವಾಗಿರೋ ನೆಲದಲ್ಲಿ. ಒಬ್ಬನ್ನೇ ಬುಡ್ಬ್ಯಾಡಿ ಅಂತಾನೂ ಅಂದವ್ರೆ" ಎಂದ.

"ಹಾಗಾದರೆ ನನ್ನ ಜೊತೆ ಬಾ. ಬಲಕ್ಕಿಟ್ಟುಕೊಂಡು."

"ಆಗಾಕಿಲ್ಲ. ಶಾಲು ಒದ್ಕಂಡಿವ್ನಿ."

"ಆ ಶಾಲನ್ನು ಹಸುವಿಗೆ ಹೊದಿಸಿದ್ದೀಯಲ್ಲೋ, ಬರುವಾಗ ಕೊಟ್ಟಿಗೆಯಲ್ಲಿ ನೋಡಿದೆ!"

"ಅಸುಗೆ ಚಳಿ ಕಣ್ಲಾ. ಮಾತು ಮಾತೇ." ಒಂದು ಹಿಡಿ ಕಾಳು ಹಿಸುಕಿದ. "ಜೊತೇಲಿ ಬ್ಯಾಡ. ನೀ ಅಂಗೇ ಬಾ, ನಾ ಇಂಗೇ ಬತ್ತೀನಿ. ಒಂದ್ ಸುತ್ತಿಗೆ ಎಲ್ಡ್ ಸತಿ ಮೊಕ ನೋಡ್ಕತೀವಲ್ಲ. ಒಂದು ಕಡೆ ಸಿಕ್ನಿಲ್ಲ ಅಂದ್ರೆ ಉಡುಕ್ಕಂಡು ಬಾ. ಉಗ್ಗಿ ಮಾತ್ರ ಮೊದ್ಲೇ ಕೊಟ್ಬುಡು."

ಎಪ್ಪತ್ತೊಂದು ವರ್ಷದಲ್ಲಿ ಅವನು ಆಡಿದ ಮಾತುಗಳಲ್ಲಿ ಲೆಕ್ಕಕ್ಕೆ ಸರಿಬಂದದ್ದು ಇದೊಂದೇ.

ಮಾರನೆಯ ದಿನವೇ ಸಮಿತಿಗೆ ಅರ್ಜಿ ಬರೆದೆ. ದಾರಿಯ ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆದು, ಭೇಟಿಯ ಸ್ಥಳಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ವಯಸ್ಸಾದವರು ಎರಡೂ ಕಡೆ ನಡೆಯಲು ಅವಕಾಶವಿರಬೇಕೆಂದು ಕೇಳಿದೆ. 'ಪರಿಶೀಲನೆಯಲ್ಲಿದೆ' ಎಂದು ಬಂತು. ಎರಡನೆಯ ಅರ್ಜಿಗೂ ಅದೇ ಬಂತು. ಸಂಕ್ರಾಂತಿಯ ದಿನ, ಕೇರಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸಲು ಹುಲ್ಲು ಹಾಸುತ್ತಿದ್ದಾಗ, ಕಾರ್ಯದರ್ಶಿಯವರು ಇಬ್ಬರು ಸದಸ್ಯರೊಡನೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ. ಅದರ ಕೆಳಗೆ ಮಡಿಸಿಟ್ಟ ಕೆಂಪು ಶಾಲಿನ ಅಂಚು.

"ಬರುವ ಭಾನುವಾರ ತಮಗೊಂದು ಸಣ್ಣ ಸನ್ಮಾನ ಸಾರ್," ಎಂದರು. "ಆಮೇಲೆ ಆ ಅರ್ಜಿ ವಿಷಯ ನಿಧಾನವಾಗಿ ಮಾತಾಡೋಣ."

ಎಳ್ಳು ಬೆಲ್ಲ ಕೊಟ್ಟು, ಬಾಗಿಲವರೆಗೆ ಬಂದು ಕಳಿಸಿದೆ. ಶಾಲನ್ನು ಅವರ ಬುಟ್ಟಿಯಲ್ಲೇ ಕಳಿಸಿದೆ. ಲಲಿತ, "ಬಣ್ಣ ಚೆನ್ನಾಗಿತ್ತು ರೀ" ಎಂದಳು. ಅದನ್ನೂ ನೆನಪಿಟ್ಟಿದ್ದೇನೆ.

ಭಾನುವಾರ ಸನ್ಮಾನ ನಡೆಯಲಿಲ್ಲ, ನಿಯಮ ಬಂತು. ಬಾಣಕ್ಕೆ ಎದುರು ನಡೆಯುವವರಿಗೆ ಪ್ರವೇಶವಿಲ್ಲ. ಗೌಡನನ್ನು ಒಬ್ಬನೇ ಬಿಡುವಂತಿಲ್ಲವಾದ್ದರಿಂದ ಅಂದಿನಿಂದ ನಾನೂ ಅವನೂ ನಾಲೆಯ ಏರಿಯ ಮೇಲೆ ನಡೆಯುತ್ತಿದ್ದೇವೆ. ಅಲ್ಲಿ ಬಾಣವಿಲ್ಲ; ಸಮವಾದ ನೆಲವೂ ಇಲ್ಲ. ಕಬ್ಬು ತುಂಬಿದ ಟ್ರಾಕ್ಟರು ಬಂದರೆ ಇಬ್ಬರೂ ಕಳ್ಳಿಯ ಬೇಲಿಗೆ ಒರಗಿ ನಿಲ್ಲಬೇಕು. ಕಳೆದ ಮಳೆಗಾಲದಲ್ಲಿ ಗೌಡ ಎರಡು ಸಲ ಜಾರಿದ. ಎರಡು ಸಲವೂ ನನ್ನನ್ನೇ ಬೈದ. ಮತ್ತೆ ಮಾಗಿ ಬಂದಿದೆ. ಮಂಜು ಇಳಿಯುತ್ತಿದೆ. ಈ ಚಳಿಗಾಲದಲ್ಲಿ ಅವನನ್ನು ಆ ಏರಿಯ ಮೇಲೆ ನಡೆಸಲು ನನಗೆ ಭಯವಾಗುತ್ತಿದೆ.

ಮಗು ಜೋಕಾಲಿ ಆಡುತ್ತಿದ್ದಾಗ ಮಾದೇಶ ನನ್ನ ಪಕ್ಕಕ್ಕೆ ಬಂದು ನಿಂತ. "ಗೌಡ್ರು ಎಂಗವ್ರೆ ಸಾರ್? ಅವ್ರು ಒಬ್ರೇ ಬತ್ತೀನಂದ್ರೆ ಸಮಿತಿಯೋರು ಬುಡ್ತಾರಂತೆ. ಬಾಣದ್ ಕಡೀಕೆ ನಡುದ್ರೆ ಸಾಕಂತೆ," ಎಂದ. ಆಮೇಲೆ ಸೀಟಿಯನ್ನು ಜೇಬಿಗೆ ಹಾಕಿಕೊಂಡು, "ಆದ್ರೆ ನಾನಿರಾದು ಬಾಗಿಲಲ್ಲಿ ಸಾರ್. ಗೌಡ್ರು ಕುಸ್ದು ಕೂತಿದ್ದ ಆ ತಿರುವು ನಂಗೆ ಕಾಣಾಕಿಲ್ಲ" ಎಂದ.

ಇದು ನನ್ನ ಮೂರನೆಯ ಅರ್ಜಿ. ಫಲಕದಲ್ಲಿರುವ ನನ್ನ ಚಿತ್ರವನ್ನು ಬೇಕಾದರೆ ಅಲ್ಲೇ ಇಟ್ಟುಕೊಳ್ಳಿ, ಅದಕ್ಕೆ ನಿಮ್ಮ ಶಾಲನ್ನೂ ಹೊದಿಸಿ. ಸಮಿತಿಯ ಮಹನೀಯರಲ್ಲಿ ನಾನು ಕೇಳುವುದು ಇಷ್ಟೇ: ಎಲ್ಲರೂ ಮುಂದಿನವರ ಬೆನ್ನು ನೋಡಿಕೊಂಡೇ ನಡೆಯಬೇಕೆಂದು ವಿಧಿಸಿರುವ ಈ ದಾರಿಯಲ್ಲಿ, ಎಲ್ಲರಿಗಿಂತ ಹಿಂದೆ ಉಳಿದವನೊಬ್ಬ ಕುಸಿದು ಕೂತರೆ, ಅವನ ಮುಖ ನೋಡುವುದಕ್ಕೆ ನೀವು ಯಾರನ್ನು ನೇಮಿಸಿದ್ದೀರಿ?